ದಂಡಿನವರಿಗೆ ತಾತ ಹೇಳಿದ ಮಾತು

ನಮ್ಮ ಕಡೆ ಯಾರಾದರೂ ಏಣಿಯನ್ನೋ ಒನಕೆಯನ್ನೋ ಕೇಳಿಕೊಂಡು ಬಂದರೆ "ತಗೊಂಡೋಗಿ" ಅನ್ನುವುದೇ ರೂಢಿ. ಯಾವಾಗ ತಂದುಕೊಡುತ್ತೀರಿ ಎಂದು ಕೇಳಿದರೆ ಅವಮಾನ ಮಾಡಿದ ಹಾಗೆ. ಕೆಲಸ ಮುಗಿದ ಮೇಲೆ ಅವರೇ ತಂದಿಡುತ್ತಿದ್ದರು. ಪಾತ್ರೆಯಾಗಿದ್ದರೆ ಬರಿದಾಗಿ ತರದೆ ಒಂದು ಹಿಡಿ ಅವರೆಕಾಳಾದರೂ ಹಾಕಿ ತರುತ್ತಿದ್ದರು. ಇಂಥ ಮರ್ಯಾದಸ್ಥ ಮಾತಿನಿಂದ ನಮ್ಮ ಮನೆ ಎರಡು ಸಲ ಪೆಟ್ಟು ತಿಂದಿತು.

ಮೊದಲನೆಯದು ತಾತನ ಕಾಲದ್ದು. ಈಗ ಇಂದಿರಾನಗರದೊಳಗೆ ಎಲ್ಲಿದೆಯೆಂದು ಹುಡುಕಬೇಕಾದ ನಮ್ಮ ಹಳ್ಳಿ ಆಗ ಹಲಸೂರಿನಾಚೆ ಹೊಲಗಳ ನಡುವೆ ಇತ್ತು. ಬಿಳಿಯರ ದೊಡ್ಡ ಯುದ್ಧ ನಡೆಯುತ್ತಿದ್ದಾಗ ದಂಡಿನವರಿಗೆ ಲಾರಿ ನಿಲ್ಲಿಸಲು ಜಾಗ ಬೇಕಾಯಿತು. ತಾತನ ರಾಗಿ ಹೊಲ ರಸ್ತೆಗೆ ಹತ್ತಿರವಿತ್ತು, ಅದರಲ್ಲಿ ಬಾವಿಯೂ ಇತ್ತು. ಒಬ್ಬ ದೊರೆ, ಅವನ ಪಕ್ಕದಲ್ಲಿ ಕನ್ನಡ ಅರೆಬರೆ ಬರುವ ದುಭಾಷಿ, ಇಬ್ಬರೂ ಮನೆ ಮುಂದೆ ಬಂದು ನಿಂತರಂತೆ. ಯುದ್ಧ ಮುಗಿಯುವ ತನಕ ಹೊಲ ಬೇಕು ಎಂದರಂತೆ. ಬಾಗಿಲ ಹಿಂದೆ ನಿಂತಿದ್ದ ಅಜ್ಜಿ ಕೇಳಿಸಿಕೊಂಡಿದ್ದು ಇಷ್ಟು: ತಾತ ಎದ್ದು ನಿಂತು, "ಅದಕ್ಕೇನು ಸ್ವಾಮಿ, ತಗೊಳ್ಳಿ" ಅಂದ.

ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಏನೆಂದು ಹೇಳಿದನೋ ದೇವರಿಗೇ ಗೊತ್ತು. ಯುದ್ಧ ಮುಗಿದು ಲಾರಿಗಳು ಹೋದವು, ಬೇಲಿ ಹೋಗಲಿಲ್ಲ. ಹೊಲದ ಮೂಲೆಯಲ್ಲಿ ಒಂದು ಕಲ್ಲು ನೆಟ್ಟರು. ಅದರ ಮೇಲೆ ತನ್ನ ಹೆಸರಿದೆ ಎಂದು ಯಾರೋ ಹೇಳಿದ್ದಕ್ಕೆ, ಓದು ಬಾರದ ತಾತ ಕೆಲವು ತಿಂಗಳು ಬೀಗಿಕೊಂಡೇ ಓಡಾಡಿದನಂತೆ. ಆಮೇಲೆ ಶಾಲೆಯ ಮೇಷ್ಟ್ರು ಪೂರ್ತಿ ಓದಿ ಹೇಳಿದರು: "ಯುದ್ಧ ಸಹಾಯಕ್ಕಾಗಿ ರೈತನ ಕೊಡುಗೆ." ತಾತ ಮತ್ತೆ ಆ ಕಡೆ ಹೋಗಲಿಲ್ಲ. ಅಜ್ಜಿ ಮಾತ್ರ ಸಾಯುವವರೆಗೂ ಬಾಯಿ ಮುಚ್ಚಲಿಲ್ಲ. "ದಂಡಿಗೆ ಕೊಟ್ಟಿದ್ದು ದಂಡ ಆಯ್ತು" ಎಂದು ರೊಟ್ಟಿ ತಟ್ಟುವಾಗಲೂ ಗೊಣಗುತ್ತಿದ್ದಳು.

ತೊಂಬತ್ತರ ದಶಕದಲ್ಲಿ ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಅಪ್ಪ ಈ ವಿಷಯವನ್ನು ಕೈಗೆತ್ತಿಕೊಂಡರು. ಹೊಲ ಸಿಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಷ್ಟರಲ್ಲಿ ಬಡಾವಣೆ ಅದನ್ನು ನುಂಗಿ, ಬಾವಿ ಇದ್ದಲ್ಲಿ ಪಾರ್ಕು ಮಾಡಿ, ಕಲ್ಲನ್ನು ಮಾತ್ರ ಹಾಗೇ ಉಳಿಸಿತ್ತು. ಅಪ್ಪನಿಗೆ ಬೇಕಾಗಿದ್ದುದು ಒಂದೇ. ಅದು ಕೊಡುಗೆಯಲ್ಲ, ಯುದ್ಧಕ್ಕೆಂದು ಪಡೆದು ಬಾಡಿಗೆ ಕೊಡದೆ ಇಟ್ಟುಕೊಂಡದ್ದು ಎಂದು ಯಾರಾದರೂ ಒಪ್ಪಬೇಕಿತ್ತು, ಆ ಪದವನ್ನು ಅಳಿಸಬೇಕಿತ್ತು.

ನನ್ನ ಮೊಪೆಡ್ಡಿನ ಹಿಂದೆ ಅಪ್ಪನನ್ನು ಕೂರಿಸಿಕೊಂಡು ಕಚೇರಿಗಳನ್ನು ಸುತ್ತಿದೆ. ಮಿಲಿಟರಿ ಕಡೆಯ ಕಚೇರಿಯಲ್ಲಿ ಅದು ಬ್ರಿಟಿಷರ ಬಾಬ್ತು, ನಮಗೆ ಸಂಬಂಧವಿಲ್ಲ ಎಂದರು. ಊರಿನ ಕಚೇರಿಯಲ್ಲಿ ದಂಡಿನ ಖರ್ಚು ದಂಡಿನವರದೇ ಎಂದರು. ಇನ್ನೊಂದು ಕಡೆ, ನಿಮ್ಮ ಹಳ್ಳಿ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತಲ್ಲ, ಮಹಾರಾಜರನ್ನು ಕೇಳಬೇಕಿತ್ತು ಎಂದು ನಕ್ಕರು. ಯುದ್ಧ ಮಾಡಿದವರಿಗೂ ಗೆದ್ದವರಿಗೂ ಸಂಬಂಧವಿಲ್ಲದ ಖರ್ಚು ಕೊನೆಗೆ ರಾಗಿ ಬೆಳೆಯುವವನ ತಲೆಗೇ ಬಂತು. ಒಬ್ಬ ಗುಮಾಸ್ತ ತಲೆ ಎತ್ತದೆಯೇ, "ಕೊಡುಗೆ ಅಂತ ಕಲ್ಲಲ್ಲೇ ಕೆತ್ತಿದೆಯಲ್ಲ ಸಾರ್, ಕೊಟ್ಟಿದ್ದನ್ನ ಕೊಟ್ಟಿಲ್ಲ ಅಂತ ನಾವ್ ಹೆಂಗ್ ಬರ್ಕೊಡೋದು?" ಎಂದ. ಅವನ ಮೇಜಿನ ಮೇಲಿದ್ದುದನ್ನೆಲ್ಲ ನೆಲಕ್ಕೆ ತಳ್ಳಬೇಕೆನಿಸಿತು. ಅಪ್ಪ ನನ್ನ ತೋಳು ಹಿಡಿದು ಹೊರಗೆ ಕರೆತಂದರು.

ಅಷ್ಟರಲ್ಲಿ ಕಾರ್ಗಿಲ್ ಯುದ್ಧ ಬಂತು. ಸತ್ತ ಸೈನಿಕರ ನೆನಪಿಗೆ ಪಾರ್ಕಿನಲ್ಲಿ ಸ್ಮಾರಕ ಕಟ್ಟಬೇಕೆಂದು ಕಾಲೊನಿಯ ಸಂಘದವರು ತೀರ್ಮಾನಿಸಿದರು. ತೀರ್ಮಾನಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು, ಖರ್ಚಿನ ಮಾತು ಬಂದಾಗ ಒಬ್ಬರ ಮುಖ ಒಬ್ಬರು ನೋಡಿದರು. ಬಂಗಲೆಯವರು ಫ್ಲ್ಯಾಟಿನವರನ್ನು ತೋರಿಸಿದರು, ಫ್ಲ್ಯಾಟಿನವರು ಮುಖ್ಯರಸ್ತೆಯ ಅಂಗಡಿಗಳನ್ನು ತೋರಿಸಿದರು, ಅಂಗಡಿಯವರು ಹಳೇ ಹಳ್ಳಿಯವರ ಹತ್ತಿರ ಜಮೀನು ಮಾರಿದ ದುಡ್ಡು ಕೊಳೀತಾ ಇದೆ ಎಂದರು.

ಹಾಗೆ ಸಂಘದ ಅಧ್ಯಕ್ಷರು ನಮ್ಮ ಮನೆಗೆ ಬಂದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು, ಮಾತು ಬೆಣ್ಣೆಯಂತೆ. ಜಗುಲಿಯಲ್ಲಿದ್ದ ತಾತನ ಕಾಲದ ಹಲಸಿನ ಮರದ ಬೆಂಚಿನ ಮೇಲೆ ಕೂತು ಕಾಫಿ ಕುಡಿದು, "ನಿಮ್ದು ಕೊಡುಗೈ ಮನೆತನ ಸಾರ್. ಆ ಯುದ್ಧಕ್ಕೆ ಹೊಲಾನೇ ಕೊಟ್ರಿ, ಈ ಯುದ್ಧಕ್ಕೆ ಏನಾದ್ರೂ ಕೊಡಲ್ವಾ?" ಅಂದರು.

ಅಪ್ಪ ತಮ್ಮ ಲೋಟ ಕೆಳಗಿಟ್ಟರು. "ನಮ್ಮ ಪಾಲು ನಮ್ಮಪ್ಪ ಆಗ್ಲೇ ಕಟ್ಟವ್ರೆ. ಸತ್ತೋರ ಮೇಲೆ ನಂಗೂ ಗೌರವ ಐತೆ. ಆದ್ರೆ ಇನ್ನೊಂದ್ ಕಲ್ಲಿನ್ ಮೇಲೆ ನಮ್ಮ ಹೆಸರು ಬೇಡ" ಎಂದರು. ನನಗೆ ಹೆಮ್ಮೆಯಾಯಿತು, ಅಪ್ಪ ಅಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅಧ್ಯಕ್ಷರು ಮುಖ ಸಣ್ಣದು ಮಾಡಿಕೊಂಡು ಎದ್ದರು. ಗೇಟಿನವರೆಗೆ ಹೋದವರು ತಿರುಗಿ, ಸಮಾರಂಭದ ದಿನ ಹಿರಿಯರು ಕೂರುವುದಕ್ಕೆ ಬೆಂಚಾದರೂ ಸಿಗಬಹುದೇ ಎಂದು ಕೇಳಿದರು.

ಹಿರಿಯರು ಕೂರುವುದಕ್ಕೆ ಬೆಂಚು ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? "ಅದಕ್ಕೇನು, ತಗೊಂಡೋಗಿ" ಎಂದರು ಅಪ್ಪ.

ಸ್ಮಾರಕ ಆಯಿತು, ಭಾಷಣಗಳಾದವು. ಬೆಂಚು ಬರಲಿಲ್ಲ. ಕೇಳಲು ಸಂಕೋಚ, ಅದಕ್ಕೇ ಸಂಘದವರೇ ತರುತ್ತಾರೆ ಎಂದು ಅಪ್ಪ ಕಾದರು. ಮಳೆಗಾಲ ಕಳೆದ ಮೇಲೆ ನಾನೇ ಅಪ್ಪನನ್ನು ಹೊರಡಿಸಿಕೊಂಡು ಸಂಘದ ಕೋಣೆಗೆ ಹೋದೆ. ಬೆಂಚನ್ನು ಅಲ್ಲೇ ಗೋಡೆಗೆ ಒರಗಿಸಿಟ್ಟಿದ್ದರು, ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ಒರಗುವ ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಅಪ್ಪನ ಹೆಸರು, ಅದರ ಪಕ್ಕದಲ್ಲಿ "ಕೊಡುಗೆ". ಅಧ್ಯಕ್ಷರು ನಗುತ್ತಲೇ ವಿವರಿಸಿದರು: ಹಳ್ಳಿಯವರು ಏನೂ ಕೊಡಲಿಲ್ಲ ಎಂದು ಸಭೆಯಲ್ಲಿ ಜಗಳವಾಯಿತು, ಇದನ್ನೇ ನಿಮ್ಮ ಪಾಲು ಎಂದು ತೋರಿಸಿ ಬಾಯಿ ಮುಚ್ಚಿಸಿದೆವು, ನಿಮ್ಮ ಮರ್ಯಾದೆ ಉಳಿಯಿತು.

ನಾನು ಜಗಳಕ್ಕೆ ನಿಂತೆ. ಅಪ್ಪ ಬೆರಳಿನಿಂದ ಆ ಪದವನ್ನು ಒಮ್ಮೆ ಸವರಿದರು, ಬಣ್ಣ ಒಣಗಿತ್ತು. ಆಮೇಲೆ ಹೊರಗೆ ಬಂದುಬಿಟ್ಟರು. ಮನೆಯಲ್ಲಿ ಅಮ್ಮ, ಬೆಂಚು ಎಲ್ಲಿ ಎಂದು ಕೇಳಿದಳು. ನಿವೃತ್ತರಾದಾಗಿನಿಂದ ಆ ಒಂದು ಪದದ ಜೊತೆ ಗುದ್ದಾಡಿದ ಮನುಷ್ಯ ಚಪ್ಪಲಿ ಬಿಡುತ್ತಾ, "ಕೊಟ್ಬಿಟ್ಟೆ ಕಣೇ" ಅಂದರು.

ಮತ್ತೆ ಅವರು ಯಾವ ಕಚೇರಿಗೂ ಹೋಗಲಿಲ್ಲ. ಈಗ ಯಾರಾದರೂ ಏಣಿ ಕೇಳಿಕೊಂಡು ಬಂದರೆ ನಾನು ಬಾಗಿಲಲ್ಲೇ ನಿಂತು, ಯಾವತ್ತು ತಂದುಕೊಡುತ್ತೀರಿ ಎಂದು ಕೇಳುತ್ತೇನೆ. ಮುಖ ಸಿಂಡರಿಸುತ್ತಾರೆ. ಸಿಂಡರಿಸಿಕೊಳ್ಳಲಿ.