ಗುತ್ತೆವ್ವನ ಚಿಮಣಿ ಎಣ್ಣೆ

ನಮ್ಮ ಶಿಗ್ಗಾಂವದ ವಾಚನಾಲಯಕ್ಕೆ ಕಂಪ್ಯೂಟರ್ ಬಂದದ್ದು ೧೯೮೬ರಲ್ಲಿ. ಆಗ ನಾನು ಅಲ್ಲಿ ಗ್ರಂಥಪಾಲ, ಊರವರಿಗೆ ರಾಘಣ್ಣ. ವಾಚನಾಲಯದ ಕಮಿಟಿಗೆ ಅಧ್ಯಕ್ಷರಾಗಿದ್ದ ಕಾಳಿನ ವ್ಯಾಪಾರಿ ಶಿದ್ಲಿಂಗಪ್ಪನವರು ಅದನ್ನು ತಮ್ಮ ತಂದೆಯ ಹೆಸರಿನಲ್ಲಿ ದಾನ ಕೊಟ್ಟರು. ಹಾರ ಹಾಕಿದೆವು, ಪೇಢೆ ಹಂಚಿದೆವು. ಆಮೇಲೆ ಅದನ್ನೇನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕೆಡಿಸದೆ ಇಡುವುದೇ ಜಾಣತನವೆಂದು ನಾನು ಅದನ್ನು ಒಳಕೋಣೆಯಲ್ಲಿಟ್ಟು ಕೀಲಿ ಹಾಕಿದೆ. ಕೀಲಿ ಹಾಕುವುದರಲ್ಲಿ ನಾನು ಯಾವತ್ತೂ ಮುಂದು.

ಧೂಳಿಗೆ ಯಾವ ಕೀಲಿ? ಒಂದು ಕಡೆ ಹೈವೇ ಲಾರಿಗಳು, ಇನ್ನೊಂದು ಕಡೆ ಕಾಳಿನ ಅಂಗಡಿಗಳು. ಹೊಟ್ಟು ಗಾಳಿಯಲ್ಲಿ ತೇಲಿ ಕಿಟಕಿಯ ಸಂದಿಯಿಂದ ಒಳಗೆ ಬರುತ್ತಿತ್ತು. ಅದನ್ನು ಒರೆಸುವ ಕೆಲಸ ಗುತ್ತೆವ್ವನ ಪಾಲಿಗೆ ಬಂತು. ಹನ್ನೊಂದು ವರ್ಷದಿಂದ ಕಸ ಹೊಡೆಯುತ್ತಿದ್ದರೂ ಆಕೆ ಇನ್ನೂ ಹಂಗಾಮಿ. ಗಂಡ ಇಲ್ಲ, ವಯಸ್ಸು ಐವತ್ತು ದಾಟಿತ್ತು, ಮೊಣಕಾಲು ಹಿಡಿದಿದ್ದವು. ಕಾಯಂ ಆದರೆ ಮುದಿತನಕ್ಕೊಂದು ಆಸರೆ. ಆಕೆಯ ಅರ್ಜಿ ಮಾತ್ರ ಪ್ರತಿ ಸಭೆಯಿಂದ ಮುಂದಿನ ಸಭೆಗೆ ಹೋಗುತ್ತಲೇ ಇತ್ತು.

“ಆ ಕಂಪ್ಯೂಟರ್ ಮ್ಯಾಲೆ ಧೂಳ ಕುಂತ್ರ ನಿನ್ನ ಕಾಯಂ ಮರ್ತುಬಿಡು,” ಎಂದು ನಾನು ಒಂದು ದಿನ ಹೇಳಿದ್ದೆ. ಅರ್ಧ ತಮಾಷೆಗೆ ಹೇಳಿದ್ದು. ಅರ್ಧ ಮಾತ್ರ.

ಆಕೆ ಪೂರ್ತಿ ನಿಜವೆಂದೇ ತಿಳಿದಳು. ದಿನಕ್ಕೆ ಎರಡು ಸಲ ಒರೆಸಿದಳು. ಒಣ ಬಟ್ಟೆಗೆ ಹೊಟ್ಟು ಬಿಡುವುದಿಲ್ಲವೆಂದು, ಮನೆಯ ದೀಪಕ್ಕೆ ರೇಷನ್ನಿನಲ್ಲಿ ತಂದ ಚಿಮಣಿ ಎಣ್ಣೆಯಲ್ಲಿ ಚಿಂದಿ ಅದ್ದಿ, ಕೀಬೋರ್ಡಿನ ಒಂದೊಂದು ಗುಂಡಿಯನ್ನೂ ತಿಕ್ಕಿದಳು. ವಾಸನೆ ನನಗೂ ಬರುತ್ತಿತ್ತು. ಎದ್ದು ಹೋಗಿ ನೋಡಲು ಮೈಗಳ್ಳತನ. ಊರ ಮನೆಗಳ ಅಂಗಳದಲ್ಲಿ ನಿಂತು, ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿಯುತ್ತಿದ್ದ ಗುತ್ತೆವ್ವನಿಗೆ, ಊರಲ್ಲಿ ಬೇರೆ ಯಾರೂ ಮುಟ್ಟಬಾರದ ವಸ್ತುವನ್ನು ಮುಟ್ಟುವ ಹಕ್ಕು ಹೀಗೆ ಸಿಕ್ಕಿತ್ತು.

ಮುಟ್ಟುತ್ತೇನೆಂದು ಬೇಡಿಕೊಂಡವಳು ಇನ್ನೊಬ್ಬಳಿದ್ದಳು. ಎದುರಿನ ಟೈಪಿಂಗ್ ಕ್ಲಾಸಿನಲ್ಲಿ ಪಾಸಾದ ಶಾಕೀರಾ ಪೇಪರ್ ಓದುವ ನೆಪದಲ್ಲಿ ಬಂದು ಕೇಳುತ್ತಿದ್ದಳು. ಅಧ್ಯಕ್ಷರನ್ನು ಕೇಳಬೇಕಮ್ಮ ಎಂದು ನಾನು ಸಾಗಹಾಕುತ್ತಿದ್ದೆ. ಅಧ್ಯಕ್ಷರನ್ನು ಒಮ್ಮೆಯೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ಶಿದ್ಲಿಂಗಪ್ಪನವರು ತಮ್ಮ ದಾನ ತೋರಿಸಲು ಹುಬ್ಬಳ್ಳಿಯ ಬೀಗರನ್ನು ಕರೆತಂದರು. ಬೀಗರಿಗೆ ಕಂಪ್ಯೂಟರ್ ಗೊತ್ತಿತ್ತು. ಹೊದಿಕೆ ತೆಗೆದು, ಸ್ವಿಚ್ ಹಾಕಿ, ಕೀಬೋರ್ಡಿನ ಮೇಲೆ ಬಗ್ಗಿದವರು ಹಾಗೆಯೇ ನಿಂತರು. ಗುಂಡಿಗಳ ಮೇಲೆ ಒಂದೂ ಅಕ್ಷರ ಇರಲಿಲ್ಲ. ನೆನೆಸಿ ಸಿಪ್ಪೆ ತೆಗೆದ ಅವರೆಕಾಳಿನಂತೆ ಎಲ್ಲವೂ ನುಣ್ಣಗಿದ್ದವು.

ಯಾರು ಮಾಡಿದ್ದು ಎಂದು ಅಧ್ಯಕ್ಷರು ಕೇಳಿದರು.

“ನಾನ ರೀ,” ಎಂದಳು ಗುತ್ತೆವ್ವ ಬಾಗಿಲಲ್ಲಿ ನಿಂತು. “ಧೂಳ ಕುಂದರಬಾರದು ಅಂದಿದ್ರು, ಒರಸೇನಿ.”

ಅಂದವರು ಯಾರೆಂದು ಆಕೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ಹೊತ್ತಿನ ನನ್ನ ಬಾಯಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಾಳೆಯಿಂದ ಬರಬೇಡ ಎಂದು ಅಧ್ಯಕ್ಷರು ಆಕೆಗೆ ಹೇಳಿಯೇಬಿಟ್ಟರು. ಆಕೆ ಮೊಣಕಾಲು ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತಳು.

ಗದ್ದಲ ಕೇಳಿ ಪೇಪರ್ ಮೇಜಿನಿಂದ ಶಾಕೀರಾ ಎದ್ದು ಬಂದಳು.

“ಅಕ್ಷರ ಇಲ್ದಿದ್ರೂ ನಡೀತೈತ್ರಿ. ನಮ್ಮ ಕ್ಲಾಸಿನ್ಯಾಗ ಗುಂಡಿ ನೋಡಿದ್ರ ಕೈಮ್ಯಾಲೆ ಬಡೀತಾರ.”

ಯಾರೂ ಹೂಂ ಅನ್ನುವ ಮೊದಲೇ ಕುಳಿತಳು. ಎದುರಿನ ಗೋಡೆ ನೋಡುತ್ತ ಇಂಗ್ಲಿಷಿನಲ್ಲಿ ಟೈಪ್ ಹೊಡೆದಳು: ಮೊದಲು ಊರಿನ ಹೆಸರು, ಆಮೇಲೆ, ಗೋಡೆಗೆ ಕೂರಿಸಿದ್ದ ದಾನದ ಕಲ್ಲಿನಲ್ಲಿ ಕೆತ್ತಿದ್ದನ್ನು ನೋಡಿಕೊಂಡು, ದಾನಿಯ ತಂದೆಯ ಹೆಸರು. ಅಪ್ಪನ ಹೆಸರು ಪರದೆಯ ಮೇಲೆ ಮೂಡಿದಾಗ ಶಿದ್ಲಿಂಗಪ್ಪನವರು ತಲೆಯ ಮೇಲಿನ ಟೋಪಿ ತೆಗೆದರು. ಈ ಹುಡುಗಿ ದಿನಾ ಒಂದು ತಾಸು ಬರಲಿ ಎಂದರು.

ಆಗ ನಾನು ಬಾಯಿ ಬಿಟ್ಟೆ. ಗುತ್ತೆವ್ವನನ್ನು ಹೆದರಿಸಿ ಒರೆಸಲು ಹಚ್ಚಿದವನು ನಾನೇ ಎಂದೆ. ಅಧ್ಯಕ್ಷರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಬೈಯಲಿಲ್ಲ. ಗುತ್ತೆವ್ವನ ಕೆಲಸ ಉಳಿಯಿತು. ಕಾಯಂ ವಿಷಯ ಎಂದಿನಂತೆ ಮುಂದಿನ ಸಭೆಗೆ ಹೋಯಿತು.

ಮರುದಿನ ಬೆಳಿಗ್ಗೆ ಗುತ್ತೆವ್ವ ಒಳಕೋಣೆಯಿಂದ ನನ್ನನ್ನು ಕರೆದಳು. ಗುಂಡಿಗಳ ಮೇಲೆ ಶಾಕೀರಾಳ ಬೆವರಿದ ಬೆರಳುಗಳ ಗುರುತುಗಳು ಒಣಗಿದ್ದವು. ಚಿಂದಿ ಕೈಯಲ್ಲೇ ಇತ್ತು, ಆದರೆ ಆಕೆ ಒರೆಸಿರಲಿಲ್ಲ.

“ರಾಯರ, ಎರಡ ವರ್ಷ ನಾ ಏನ್ ಒರಸಿದ್ನೋ ಏನೋ,” ಎಂದಳು. “ಇವತ್ತ ಕೈ ಆಡಿ ಹೊಲಸ ಆಗೇತಿ ನೋಡ್ರಿ.”

ಎಣ್ಣೆ ಸೋಕದ ಒಣ ಬಟ್ಟೆ ತರಲು ನಾನೇ ಹೋದೆ.