ಎರಡು ಸೀಟಿನ ಕಾರಿಗೆ ಹಾಕಿಸಿದ ಹಲಗೆ

ಜೀವಮಾನದಲ್ಲಿ ನಾನು ಆಸೆಪಟ್ಟು ಕೊಂಡ ವಸ್ತು ಒಂದೇ, ಆ ಕಾರು. ಅದನ್ನು ಕೆಡಿಸಿದವನೂ ನಾನೇ. ತಪ್ಪನ್ನು ಬೇರೆ ಯಾರ ತಲೆಗಾದರೂ ಕಟ್ಟೋಣವೆಂದು ಇಷ್ಟು ವರ್ಷ ನೋಡಿದ್ದೇನೆ, ಆಗಲಿಲ್ಲ.

ಆಗ ನಾವು ಯಲ್ಲಾಪುರದಲ್ಲಿದ್ದೆವು. ಅಪ್ಪಯ್ಯನದು ನಾಟಾ ವ್ಯಾಪಾರ. ಕಾಡಿನಿಂದ ದಿಮ್ಮಿ ತಂದು, ಕೊಯ್ಯಿಸಿ, ಹುಬ್ಬಳ್ಳಿಗೆ ಕಳಿಸುವುದು. ನಾನು ಲಾರಿಗಳನ್ನು ನೋಡಿಕೊಳ್ಳುತ್ತಿದ್ದೆ. ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿರಬೇಕು. ಹುಬ್ಬಳ್ಳಿಯ ಒಬ್ಬ ದಲಾಲಿಯ ಅಂಗಳದಲ್ಲಿ ಅದನ್ನು ಕಂಡೆ. ಯಾರೋ ಬಿಳಿಯ ದೊರೆ ದೇಶ ಬಿಡುವಾಗ ಮಾರಿ ಹೋದದ್ದಂತೆ. ಎಲೆಹಸಿರು ಬಣ್ಣ, ಸೈಕಲ್ಲಿನ ಹಾಗೆ ಕಡ್ಡಿಯ ಚಕ್ರ, ಮೇಲೆ ಬಯಲು, ಕುಳ್ಳ ಬಾಗಿಲು. ರೇಸಿಗೆ ಓಡಿಸುವ ಜಾತಿಯ ಕಾರು. ಸೀಟು ಎರಡೇ.

ಆ ಎರಡು ಸೀಟಿಗಾಗಿಯೇ ನಾನು ಅದನ್ನು ಕೊಂಡದ್ದು. ವೇಗದ ಹುಚ್ಚು ಎಂದು ಊರೆಲ್ಲ ಆಡಿಕೊಂಡಿತು, ನಾನೂ ಹೌದೆಂದು ತಲೆಯಾಡಿಸಿದೆ. ನಿಜ ಹೇಳುವುದಕ್ಕೆ ನಾಚಿಕೆ. ಮದುವೆಯಾಗಿ ಮೂರು ವರ್ಷ ಕಳೆದಿದ್ದರೂ ನಾನು ಹೆಂಡತಿಯ ಪಕ್ಕ ಕೂತು ಒಂದು ಮೈಲಿ ದಾರಿ ಹೋದವನಲ್ಲ. ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ನಮ್ಮದೇ ಲಾರಿಯಲ್ಲಿ ಹೋದರೆ ಅವಳು ನನ್ನ ತಾಯಿ, ಆಯಿಯ ಜೊತೆ ಕ್ಯಾಬಿನ್ನಿನಲ್ಲಿ, ನಾನು ಹಿಂದೆ ದಿಮ್ಮಿಯ ಮೇಲೆ. ಮನೆಯಲ್ಲಂತೂ ಅಪ್ಪಯ್ಯ, ಆಯಿ, ಅಪ್ಪಯ್ಯನ ವಿಧವೆ ಅಕ್ಕನಾದ ನನ್ನ ಅತ್ತೆ, ಮೂವರ ಕಿವಿಯೂ ಸದಾ ಚುರುಕು.

ಕಾರು ಬಂದ ದಿನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ.

“ಎರಡೇ ಸೀಟಾ?” ಎಂದಳು.

“ಎರಡೇ.”

“ಹಂಗಾರೆ ಮತ್ಯಾರೂ ಬಪ್ಪಲೆ ಆಗ್ತಿಲ್ಲೆ” ಎಂದು ಸೌಟನ್ನು ಸುಮ್ಮನೆ ತಿರುವಿದಳು. ಅವಳ ಕೆನ್ನೆ ಕೆಂಪಾಗಿತ್ತು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, “ಎಡಬದಿಗೆ ಹಿಡ್ಕಂಬಲೆ ಎಂತಾದ್ರೂ ಹಾಕ್ಸಿ. ಬಾಗ್ಲು ಅಷ್ಟು ಕುಳ್ಳ ಇದ್ದು, ನಿಲ್ಕುಂದದವರೆಗೆ ಹೋಪಷ್ಟರಲ್ಲಿ ಆನು ಹಾರಿ ಬಿದ್ರೆ?” ಎಂದಳು. ನಿಲ್ಕುಂದ ಅವಳ ತವರು, ಶಿರಸಿ ದಾಟಿ ಇನ್ನೂ ದೂರ. ಮಾತಾಡಿಕೊಳ್ಳದಿದ್ದರೂ ಮೊದಲು ಅಲ್ಲಿಗೇ ಹೋಗುವುದೆಂದು ಇಬ್ಬರಿಗೂ ಗೊತ್ತಾಗಿತ್ತು.

ಮರುದಿನವೇ ಕಾರನ್ನು ನಮ್ಮ ಲಾರಿಗಳ ಮಿಸ್ತ್ರಿಯ ಹತ್ತಿರ ಒಯ್ದೆ. ಆತ ಹುಬ್ಬಳ್ಳಿ ಕಡೆಯವನು, ಮುಚ್ಚುಮರೆಯಿಲ್ಲದ ಮನುಷ್ಯ. ನನ್ನ ತಲೆಯಲ್ಲಿ ದೊಡ್ಡ ಪಟ್ಟಿಯೇ ಇತ್ತು: ಎರಡು ದನಿಯ ಹಾರ್ನು, ಮುಂದೆ ಹಳದಿ ದೀಪ, ಮೇಲೆ ಮುಚ್ಚಲು ಹೊಸ ಕ್ಯಾನ್ವಾಸಿನ ಹುಡ್ಡು. ಆತ ಕಾರಿನ ಕೆಳಗೆ ನುಗ್ಗಿ, ಅಲ್ಲಿಂದಲೇ ಮಾತಾಡಿದ.

“ಮೊದಲ ಹೊಟ್ಟಿಗೆ ತಗಡ ಹೊಡಸ್ರಿ. ಲಾರಿ ಗಾಲಿ ತುಳದ ತುಳದ ರಸ್ತಾ ನಡುವ ದಿಬ್ಬ ಎದ್ದೈತಿ, ಎಂಜಿನ್ ಬುಡಾನ ಒಡೀತೈತಿ. ಆಮ್ಯಾಲ ಬ್ರೇಕ್. ಹಾರ್ನ್ ಗೀರ್ನ್ ಎಲ್ಲಾ ಕಡೀಕ.”

ಸರಿ ಎಂದೆ. ತಗಡು, ಬ್ರೇಕು, ಮೂರನೆಯದು ಎಡಬಾಗಿಲಿನ ಪಕ್ಕ ಒಂದು ಹಿತ್ತಾಳೆಯ ಹಿಡಿಕೆ. ಅಷ್ಟನ್ನು ಮಾಡಿಸಿ ಸುಮ್ಮನೆ ಹೊರಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮಲ್ಲಿ ಒಂದು ಪದ್ಧತಿ. ಮನೆಯಲ್ಲಿ ಏನೇ ಮಾಡಿಸುವುದಿದ್ದರೂ, ಎಲ್ಲ ನಿಶ್ಚಯವಾದ ಮೇಲೆ, ಹಿರಿಯರನ್ನು ಒಂದು ಮಾತು ಕೇಳಬೇಕು. ಹಿರಿಯರು “ನಿಂಗೆ ಕಂಡಂಗೆ ಮಾಡು” ಎನ್ನಬೇಕು. ಕೇಳುವವನಿಗೆ ಉತ್ತರ ಬೇಕಾಗಿರುವುದಿಲ್ಲ, ಹೇಳುವವರಿಗೂ ಅದು ಗೊತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಹಾಗೆ ನಾನು ಊಟದ ಹೊತ್ತಿಗೆ ಕೇಳಿದೆ.

“ಕಾರಿಗೆ ಸ್ವಲ್ಪ ಕೆಲಸ ಮಾಡ್ಸವು ಅಪ್ಪಯ್ಯ. ನೀ ಎಂತ ಹೇಳ್ತೆ?”

ಅಪ್ಪಯ್ಯ ಅನ್ನ ಕಲೆಸುವುದನ್ನು ನಿಲ್ಲಿಸಿ ನಿಜವಾಗಿಯೂ ಯೋಚಿಸತೊಡಗಿದ.

“ಹಿಂದೆ ಒಂದು ಹಲಗೆ ಹಾಕ್ಸು” ಎಂದ. “ಕಾರಂದ್ರೆ ಮನೆಮಂದಿ ಎಲ್ಲಾ ಹೋಪಲೆ ಆಗವು. ಎರಡೇ ಜನ ಕೂತ್ಕಂಡು ಹೋಪದು ಎಂತಕ್ಕೆ?”

ಎಂತಕ್ಕೆ! ಆ ಪ್ರಶ್ನೆಗೆ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಬಡಿಸಲು ನಿಂತಿದ್ದ ಅವಳು ಸಾರಿನ ಪಾತ್ರೆ ಹಿಡಿದು ಹಾಗೇ ನಿಂತುಬಿಟ್ಟಳು. ನಾನು ಹೇಳಿದ್ದೇನು?

“ಹಿಂದೆ ಭಾರ ಹೆಚ್ಚಾದ್ರೆ ತಡೀತಿಲ್ಲೆ ಅಪ್ಪಯ್ಯ.”

“ತಡೀತಿಲ್ಲೆ ಅಂದ್ರೆ ತಡೆವಂಗೆ ಮಾಡ್ಸು. ಮಿಸ್ತ್ರಿ ಎಂತಕ್ಕಿದ್ದ?”

ಅಲ್ಲಿಗೆ ಮುಗಿಯಿತು. ಆಯಿಗೆ ಸಂತೋಷ, ಅತ್ತೆಗೆ ಇನ್ನೂ ಸಂತೋಷ. ಅಪ್ಪಯ್ಯನನ್ನು ಕ್ರೂರಿ ಎನ್ನಲಾರೆ. ಮಗ ಕೇಳಿದ, ಅಪ್ಪ ಹೇಳಿದ. ಅವಳು ಮಾತ್ರ ನನಗೆ ಸಾರು ಬಡಿಸದೆ ಒಳಗೆ ಹೋದಳು.

ವಿಷಯ ತಿಳಿದಾಗ ಮಿಸ್ತ್ರಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. “ಸಾವಕಾರ್ರ, ಇದನ್ನ ಕಡಿಬ್ಯಾಡ್ರಿ. ಇದು ಇಬ್ಬರ ಸಲುವಾಗಿ ಹುಟ್ಟಿದ ಗಾಡಿ. ಬೇಕಾರ ಹಳೇ ಜೀಪೊಂದು ತಗೋರಿ, ನಾ ಹುಡುಕಿ ಕೊಡ್ತೀನಿ” ಎಂದ. ಪರವೂರಿನ ಆ ಮನುಷ್ಯನಿಗೆ ಅರ್ಥವಾದದ್ದನ್ನು ನಾನು ನನ್ನ ಮನೆಯಲ್ಲಿ ಬಾಯಿಬಿಟ್ಟು ಹೇಳಲಾರದೆ ಹೋದೆ. ಕಡಿ ಎಂದೆ.

ಹಿಂದಿನ ಡಿಕ್ಕಿಯ ಮುಚ್ಚಳ ಹೋಯಿತು. ಅಲ್ಲಿ ಸಾಗವಾನಿಯ ಹಲಗೆ ಬಂತು. ನಾಟಾ ವ್ಯಾಪಾರಿಯ ಮನೆ, ಮರಕ್ಕೇನು ಬರಗಾಲ. ಜಾಗ ಸಾಲದ್ದರಿಂದ ಹಲಗೆಯನ್ನು ಹಿಂದೆ ಮುಖಮಾಡಿ ಕೂರುವಂತೆ ಹಾಕಬೇಕಾಯಿತು. ಕಾಲಿಡಲು ಕಬ್ಬಿಣದ ಪಟ್ಟಿ. ಭಾರ ತಡೆಯಲೆಂದು ಜೀಪಿನ ಸ್ಪ್ರಿಂಗು. ಮೇಲೆ ಎತ್ತಿನ ಗಾಡಿಯ ಕಮಾನಿನಂಥ ಮಾಡು. ಹೊರಗೆ ತಂದು ನಿಲ್ಲಿಸಿದಾಗ ಅದು ಹಿಂಭಾಗ ಎತ್ತಿಕೊಂಡು ಮೇಯುವ ಎಮ್ಮೆಯಂತೆ ಕಾಣುತ್ತಿತ್ತು. ಹಿತ್ತಾಳೆಯ ಹಿಡಿಕೆಯನ್ನು ಮಿಸ್ತ್ರಿ ಮರೆತಿರಲಿಲ್ಲ. ಮರುದಿನದಿಂದ ಅದನ್ನು ಹಿಡಿದು ಕೂತವನು ಅಪ್ಪಯ್ಯ. “ಇದೊಂದು ಛಲೋ ಮಾಡ್ಸಿದೆ ತಮ್ಮಾ” ಎಂದ.

ಎರಡು ವರ್ಷ ಹಾಗೇ ನಡೆಯಿತು. ಶಿರಸಿಗೆ ಮಾರಿಕಾಂಬೆಯ ದರ್ಶನಕ್ಕೆ, ಅತ್ತೆಯ ಹಲ್ಲು ಕೀಳಿಸಲಿಕ್ಕೆ, ನಂದೊಳ್ಳಿಯ ನೆಂಟರ ಮನೆಗೆ. ಮುಂದೆ ಅಪ್ಪಯ್ಯ, ಹಿಂದೆ ಆಯಿ ಮತ್ತು ಅತ್ತೆ. ಆ ಹೆಂಗಸರಲ್ಲಿ ಒಬ್ಬರು ಬಾರದ ದಿನ ಅವಳಿಗೆ ಹಲಗೆಯ ಮೇಲೆ ಜಾಗ. ಕೆಂಪು ಧೂಳು ಹಿಂದಿನಿಂದ ಸುತ್ತಿ ಅವಳ ಮುಖಕ್ಕೇ ಬಡಿಯುತ್ತಿತ್ತು. ನನ್ನ ಬೆನ್ನಿಗೂ ಅವಳ ಬೆನ್ನಿಗೂ ನಡುವೆ ಒಂದು ಗೇಣು. ನಾನು ನೋಡುತ್ತಿದ್ದದ್ದು ಬರುವ ದಾರಿ, ಅವಳು ನೋಡುತ್ತಿದ್ದದ್ದು ಕಳೆದ ದಾರಿ. ಇಷ್ಟು ಹತ್ತಿರ ಕೂರಿಸಿ ಇಷ್ಟು ದೂರ ಮಾಡುವ ಉಪಾಯ ವೈರಿಗೂ ಹೊಳೆಯಲಾರದು.

ಕೊನೆಗೆ ಒಂದು ದಿನ ಒದಗಿ ಬಂತು. ನಿಲ್ಕುಂದದಲ್ಲಿ ಅವಳ ಅಣ್ಣನ ಮಗನ ಉಪನಯನ. ಉಳಿದವರು ಮರುದಿನ ಬರುವವರು, ಅವಳು ಮುಂಚಿತವಾಗಿ ಹೋಗಬೇಕು. ಹೋಗುವವರು ನಾವಿಬ್ಬರೇ. ಬೆಳಗ್ಗೆ ಸೀಟು ಒರೆಸಿ, ಎಡಬಾಗಿಲು ತೆರೆದು ಹಿಡಿದು ನಿಂತೆ.

ಅವಳು ಬಂದಳು. ಬಟ್ಟೆಯ ಚೀಲವನ್ನು ಆ ಸೀಟಿನ ಮೇಲಿಟ್ಟಳು. ಹಿಂದಕ್ಕೆ ಹೋಗಿ ಹಲಗೆ ಹತ್ತಿ ಕೂತಳು.

ಬೀದಿಯವರು ನೋಡುತ್ತಾರೆಂದು ಇರಬಹುದು ಅಂದುಕೊಂಡೆ. ಊರು ದಾಟಿ ಕಾಡಿನ ನಡುವೆ ನಿಲ್ಲಿಸಿ ಇಳಿದು ಹೋದೆ.

“ಮುಂದೆ ಬಾರೆ. ಯಾರೂ ಇಲ್ಲೆ.”

“ಬ್ಯಾಡ. ಇಲ್ಲೇ ರೂಢಿ ಆಗೋಯ್ದು.”

“ನಿಂಗೋಸ್ಕರನೇ ಕಾರು ತಂದಿದ್ದು” ಎಂದೆ. ಆ ಮಾತನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆಗ.

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಬದುಕಿಕೊಳ್ಳುತ್ತಿದ್ದೆ. “ನಂಗೆ ಗೊತ್ತಿತ್ತು. ಅವತ್ತು ಊಟಕ್ಕೆ ಕೂತಾಗ ಹೇಳಿದ್ರೆ ಆಗ್ತಿತ್ತು” ಎಂದಳು. “ಹೊತ್ತಾತು, ಹೋಪನ.”

ಗಾಡಿ ಬಿಟ್ಟೆ. ಶಿರಸಿ ಬಂತು, ಹೋಯಿತು. ಪಕ್ಕದಲ್ಲಿ ಚೀಲ ಕುಲುಕುತ್ತ ಕೂತಿತ್ತು.

ನಿಲ್ಕುಂದದ ಅಂಗಳದಲ್ಲಿ ಅವಳ ಅಣ್ಣ ಎದುರು ಬಂದ. ಧೂಳಿನಲ್ಲಿ ಕೆಂಪಾಗಿದ್ದ ತಂಗಿಯ ಮುಖ ನೋಡಿದ, ಮುಂದಿನ ಸೀಟಿನ ಮೇಲಿದ್ದ ಚೀಲ ನೋಡಿದ. “ಎಂತದೇ, ಮುಂದೆ ಜಾಗ ಇದ್ದಲೇ?” ಎಂದ.

“ಅದು ಮಾವಯ್ಯನ ಜಾಗ” ಎಂದು ಅವಳು ಕಾಲು ತೊಳೆಯಲು ಹೋದಳು.