ಒಂದು ನಿಂಬೆಹಣ್ಣಿನ ತೂಕ

ಟೀ ಕುಡಿಯುವ ಮೊದಲು ಲೋಟವನ್ನು ತಕ್ಕಡಿಗಿಡುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ, ಸಿದ್ದರಾಜಣ್ಣನನ್ನು. ನಂಜನಗೂಡಿನ ಹುಲ್ಲಹಳ್ಳಿ ರಸ್ತೆಯಲ್ಲಿ ಅವರದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟಾರುಗಳು ಬಾಗಿಲಲ್ಲಿ ಸಾಲುಗಟ್ಟಿದ್ದರೂ ಅವರು ಒಳಗೆ ಕೂತು ಬ್ಯಾಟರಿ ವಿಮಾನ ಮಾಡುತ್ತಿದ್ದರು. ಮನುಷ್ಯರು ಹತ್ತುವಂಥದ್ದಲ್ಲ, ರಿಮೋಟಿನಲ್ಲಿ ಹಾರುವಂಥದ್ದು. ಅದು ಎಲ್ಲಿಗೂ ಹೋಗಬೇಕಿರಲಿಲ್ಲ. ಸುಮ್ಮನೆ ಆದಷ್ಟು ಹೊತ್ತು ಮೇಲೇ ಇರಬೇಕಿತ್ತು.

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೆಂಬ ಠೀವಿಯಲ್ಲಿ ನಾನೊಮ್ಮೆ, "ದೊಡ್ಡ ಬ್ಯಾಟರಿ ಹಾಕಿ" ಎಂದೆ.

"ಆ ಬ್ಯಾಟ್ರಿನ ಒರಕ್ಕೆ ಇನ್ನೊಂದ್ ಬ್ಯಾಟ್ರಿ ಬೇಕಾಯ್ತದೆ ಸಾ" ಎಂದರು. ಅವರು ರೆಕ್ಕೆ ಉದ್ದ ಮಾಡಿದರು, ಬಣ್ಣ ಕೆರೆದರು, ಕೊನೆಗೆ ಚಕ್ರವನ್ನೂ ಕಿತ್ತುಹಾಕಿದರು. "ಇಳಿಯೋ ಆಸೆ ಇದ್ರೆ ತಾನೆ ಚಕ್ರ" ಎಂಬುದು ಅವರ ವಾದ.

ಹೆಂಡತಿ ಮಾದೇವಮ್ಮನಿಗೂ ಅವರಿಗೂ ದಿನಾ ಈ ವಿಮಾನದ್ದೇ ಜಗಳ. ಕೊನೆಗೊಂದು ರಾಜಿಯಾಯಿತು: ವಿಮಾನ ಒಂದು ಗಂಟೆ ಹಾರಿದರೆ ಆಕೆ ಮತ್ತೆ ಸೊಲ್ಲೆತ್ತುವುದಿಲ್ಲ, ಹಾರದಿದ್ದರೆ ಅದು ಅಟ್ಟ ಸೇರಬೇಕು, ಇವರು ಮತ್ತೆ ಮುಟ್ಟಬಾರದು.

ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಚಕ್ರವೇ ಇಲ್ಲದ ಗಾಡಿಗೆ ಎಲ್ಲಿಡುವುದು ಎಂದು ಮಾದೇವಮ್ಮ ಕೇಳಿದರು. "ಎಲ್ಲೂ ಮಡಗ್ಬ್ಯಾಡ" ಎಂದರು ಸಿದ್ದರಾಜಣ್ಣ.

ಅದನ್ನು ಹಾರಿಸಿ ನೋಡಲು ಮೂವರೂ ತಿ. ನರಸೀಪುರದ ಬಸ್ಸು ಹತ್ತಿದೆವು. ರೆಕ್ಕೆ ಕಂಡ ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯಲು ಹೊರಟಾಗ ಸಿದ್ದರಾಜಣ್ಣ ಚೀಲದಿಂದ ತಕ್ಕಡಿ ತೆಗೆದರು. "ಒಂದ್ ಕೆಜಿನೂ ಇಲ್ಲ, ತೂಗ್ನೋಡಿ."

"ತೂಕ ಇರ್ಲಿ ಕಣಣ್ಣ, ಮೂರ್ ಸೀಟ್ ಇಡ್ದದಲ್ಲ."

ಹೊಳೆಗಳು ಕೂಡುವ ಕಡೆ ಮರಳ ಮೇಲೆ ನಿಂತು ಕೈಯಿಂದಲೇ ತೂರಿದರು. ವಿಮಾನ ಎಮ್ಮೆ ಮೇಯುವ ನಿಧಾನದಲ್ಲಿ ಸುತ್ತತೊಡಗಿತು. ವಾಚು ನನ್ನ ಕೈಯಲ್ಲಿತ್ತು. ಐವತ್ತು ನಿಮಿಷ ದಾಟಿದಾಗ ಸಿದ್ದರಾಜಣ್ಣ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು. ಐವತ್ತೇಳಕ್ಕೆ ಅದು ಬಂದು ಮರಳಿನ ಮೇಲೆ ಮಲಗಿತು.

ಹೊಟ್ಟೆ ಬಿಚ್ಚಿದರೆ ಬ್ಯಾಟರಿಯ ಹಿಂದೆ ಕುಂಕುಮ ಮೆತ್ತಿದ ನಿಂಬೆಹಣ್ಣು. ಸಿದ್ದರಾಜಣ್ಣ ಬಯ್ಯಲಿಲ್ಲ. ಅದನ್ನು ತೂಗಿ, ಮರಳಿನ ಮೇಲೆ ಬೆರಳಲ್ಲಿ ಲೆಕ್ಕ ಹಾಕಿ, "ಮೂರ್ ನಿಮ್ಸ" ಎಂದರು.

"ಅದಿಲ್ದಿದ್ರೆ ಮೂರೇ ನಿಮ್ಸಕ್ಕೆ ಬೀಳ್ತಿತ್ತು" ಎಂದರು ಮಾದೇವಮ್ಮ.

ಯಾರು ಸರಿ ಎಂದು ಸಾಧಿಸುವ ವಿಜ್ಞಾನ ನನ್ನಲ್ಲಿರಲಿಲ್ಲ. ಕೊಟ್ಟ ಮಾತಿನಂತೆ ವಿಮಾನ ಅಟ್ಟ ಸೇರಿತು. ಆಮೇಲೆ ಟೀ ಲೋಟವನ್ನೂ ಅವರು ತೂಗಲಿಲ್ಲ. ಅದನ್ನು ನೋಡಿ ನನಗೆ ತುಂಬ ಸಂಕಟವಾಗುತ್ತಿತ್ತು.

ಹೋದ ವರ್ಷ ಅವರು ಕಾಯಿಲೆ ಬಿದ್ದಾಗ ನೋಡಲು ಹೋದೆ. ಅದೇ ಕೊನೆಯ ಭೇಟಿ. ಮೈಯಲ್ಲಿ ಏನೂ ಉಳಿದಿರಲಿಲ್ಲ. "ನಲ್ವತ್ತೊಂದ್ ಕೆಜಿ ಸಾ. ಈಗ ನನ್ನೇ ತೂರ್ಬೌದು" ಎಂದು ನಕ್ಕರು. ದಿಂಬು ಸರಿಮಾಡಲು ಕೈಹಾಕಿದರೆ ಅಡಿಯಲ್ಲಿ ನಿಂಬೆಹಣ್ಣು ಸಿಕ್ಕಿತು. ತೆಗೆಯಲೇ ಎಂದೆ. ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ಇರ್ಲಿ ಬುಡಿ ಸಾ. ಓಗೋದು ಮೂರ್ ನಿಮ್ಸ ತಾನೆ."